ಕರಿಯನ ಪಂಚಾಂಗದಲ್ಲಿ ಶಾಂತಿಯ ಕಚೇರಿ

ಯುದ್ಧಕ್ಕೆ ಒಂದು ಇಲಾಖೆ ಇದ್ದ ಮೇಲೆ ಶಾಂತಿಗೂ ಒಂದು ಇಲಾಖೆ ಯಾಕಿರಬಾರದು? ಈ ಪ್ರಶ್ನೆ ಅಮೆರಿಕಾದ ಸಾಮಾನ್ಯ ಜನರ ಮನೆಗಳಿಗೆ ಹೋದದ್ದು ಯಾವುದೋ ಘನ ಪಂಡಿತನ ಗ್ರಂಥದ ಮೂಲಕ ಅಲ್ಲ, ಒಂದು ಪಂಚಾಂಗದ ಮೂಲಕ. ಅದು 1793ನೇ ಇಸವಿಯ ಪಂಚಾಂಗ. ಅದರ ಲೆಕ್ಕವನ್ನೆಲ್ಲ ಕಟ್ಟಿದವನು ಬೆಂಜಮಿನ್ ಬ್ಯಾನೆಕರ್ ಅನ್ನುವ ಕರಿಯ.

ನಮ್ಮ ಕಡೆ ಪಂಚಾಂಗ ಯಾರ ಕಂಕುಳಲ್ಲಿ ಇರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಲ್ಲಿಯ ಪಂಚಾಂಗ ರೈತರದು, ಹಡಗಿನವರದು. ಸೂರ್ಯ ಯಾವಾಗ ಹುಟ್ಟುತ್ತಾನೆ, ಗ್ರಹಣ ಯಾವತ್ತು, ಸಮುದ್ರದ ಉಬ್ಬರ ಎಷ್ಟು ಹೊತ್ತಿಗೆ, ಇಂಥವೆಲ್ಲ ಅದರಲ್ಲಿ ಇರುತ್ತಿದ್ದವು. ಬ್ಯಾನೆಕರ್ ಹುಟ್ಟಿದ್ದು 1731ರಲ್ಲಿ, ಮೇರಿಲ್ಯಾಂಡ್ ಸೀಮೆಯಲ್ಲಿ. ಅಪ್ಪ ಗುಲಾಮಗಿರಿಯಿಂದ ಬಿಡುಗಡೆಯಾಗಿ ಹೊಗೆಸೊಪ್ಪು ಬೆಳೆಯೋ ಹೊಲ ಮಾಡಿಕೊಂಡವನು. ಮಗನಿಗೆ ಶಾಲೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಪ್ರಾಯದಲ್ಲಿ ಒಂದು ಜೇಬುಗಡಿಯಾರದ ಒಳಗನ್ನು ನೋಡಿಕೊಂಡು, ಮರವನ್ನೇ ಕೆತ್ತಿ, ಗಂಟೆ ಹೊಡೆಯುವ ಗಡಿಯಾರ ಮಾಡಿದ. ಐವತ್ತು ದಾಟಿದ ಮೇಲೆ, ನೆರೆಯ ಗಿರಣಿಯವರಾದ ಎಲಿಕಾಟ್ ಮನೆತನದವರಿಂದ ಪುಸ್ತಕ, ದುರ್ಬೀನು ಕಡ ತಂದು ತಾನೇ ಖಗೋಳ ಕಲಿತ. 1791ರಲ್ಲಿ ಹೊಸ ರಾಜಧಾನಿಗೆ ಗಡಿ ಅಳೆಯುವಾಗ ನಕ್ಷತ್ರ ನೋಡಿ ಲೆಕ್ಕ ಹೇಳಲು ಇವನನ್ನೇ ಕರೆದುಕೊಂಡು ಹೋದರು. ಇವತ್ತು ವಾಷಿಂಗ್ಟನ್ ಅನ್ನುವ ಊರು ಅದೇ.

ಅದೇ ವರ್ಷದ ಆಗಸ್ಟ್ 19ಕ್ಕೆ ಅವನು ಥಾಮಸ್ ಜೆಫರ್ಸನ್‌ಗೆ ಒಂದು ಕಾಗದ ಬರೆದ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ಅಮೆರಿಕಾದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಮಹಾನುಭಾವನೇ ಈ ಜೆಫರ್ಸನ್. ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನ ಗುಲಾಮರಿಗೆ ಒಡೆಯನಾಗಿದ್ದವನೂ ಅವನೇ. ಬ್ಯಾನೆಕರ್ ಕೈಮುಗಿದುಕೊಂಡೇ ಬರೆದ, ಆದರೆ ಬಿಡದೆ ಬರೆದ. ಇಂಗ್ಲೆಂಡಿನ ದೊರೆ ನಿಮ್ಮ ಕತ್ತಿನ ಮೇಲೆ ಕಾಲಿಟ್ಟಾಗ ಗುಲಾಮಗಿರಿ ಎಂಥದು ಅಂತ ನಿಮಗೆ ಗೊತ್ತಾಗಿತ್ತಲ್ಲ, ಆವಾಗ ಸಮಾನತೆ ಅಂತ ಬರೆದವರು ಈವಾಗ ನನ್ನ ಜನರನ್ನು ಮೋಸದಿಂದ, ಹೊಡೆತದಿಂದ ಹಿಡಿದಿಟ್ಟಿದ್ದೀರಲ್ಲ ಅನ್ನೋದು ಆ ಕಾಗದದ ತಿರುಳು. ಜೊತೆಗೆ ತನ್ನ ಕೈಬರಹದ ಪಂಚಾಂಗವನ್ನೂ ಕಳಿಸಿದ. ಜೆಫರ್ಸನ್ ಆಗಸ್ಟ್ 30ಕ್ಕೆ ಬಹಳ ನಯವಾಗಿ ಉತ್ತರ ಬರೆದ. ಪಂಚಾಂಗವನ್ನು ಪ್ಯಾರಿಸ್ಸಿನ ವಿದ್ವಾಂಸರಿಗೆ ಕಳಿಸುತ್ತೇನೆ ಅಂದ. ಒಬ್ಬ ಗುಲಾಮನನ್ನೂ ಅದರಿಂದ ಬಿಡಲಿಲ್ಲ. ಬ್ಯಾನೆಕರ್ ಸತ್ತ ಮೇಲೆ, 1809ರಲ್ಲಿ, ಗೆಳೆಯನಿಗೆ ಬರೆದ ಕಾಗದದಲ್ಲಿ ಆ ಕರಿಯನ ಬುದ್ಧಿ ಸಾಮಾನ್ಯದ್ದು, ಎಲಿಕಾಟ್ ಸಹಾಯ ಮಾಡಿರಬೇಕು ಅಂತ ಅನುಮಾನ ತೆಗೆದ. ನಮ್ಮ ಹುಡುಗ ಮೊದಲನೇ ದರ್ಜೆಯಲ್ಲಿ ಪಾಸಾದಾಗ ಕೇಳಿ ಬರುವ ಮಾತೂ ಇದೇ ಅಲ್ಲವೇ.

ಈ ಎರಡು ಕಾಗದಗಳೂ 1793ರ ಆ ಪಂಚಾಂಗದಲ್ಲಿ ಅಚ್ಚಾದವು. ಅದೇ ಪುಸ್ತಕದಲ್ಲಿ, ಹೆಸರು ಹಾಕದೆ, ಶಾಂತಿಯ ಕಚೇರಿಗೊಂದು ಯೋಜನೆಯೂ ಇತ್ತು.

ಆ ಯೋಜನೆ ಓದೋಕೆ ಬಲು ಸೊಗಸು. ಶಾಂತಿಗೆ ಒಬ್ಬ ಮಂತ್ರಿ ಬೇಕು. ಹಳ್ಳಿ ಹಳ್ಳಿಗೂ ಬಿಟ್ಟಿ ಶಾಲೆ ಬೇಕು. ಗಲ್ಲು ಶಿಕ್ಷೆ ಹೋಗಬೇಕು. ಸೈನಿಕರ ಬಣ್ಣದ ದಿರಿಸು, ಬಿರುದು, ಕವಾಯತು ಇವೆಲ್ಲ ಹೋಗಬೇಕು, ಯಾಕಂದರೆ ಹುಡುಗರಿಗೆ ಯುದ್ಧದ ಹುಚ್ಚು ಹಿಡಿಸೋದೇ ಅವು. ಯುದ್ಧದ ಇಲಾಖೆ ಇರೋದಾದರೆ ಅದರ ಬಾಗಿಲಿಗೆ ನಿಜ ಹೇಳುವ ಬೋರ್ಡು ಹಾಕಬೇಕು: ಇಲ್ಲಿ ಮನುಷ್ಯರನ್ನು ಕಡಿಯಲಾಗುತ್ತದೆ, ವಿಧವೆಯರನ್ನೂ ತಬ್ಬಲಿಗಳನ್ನೂ ಮಾಡಲಾಗುತ್ತದೆ ಅನ್ನುವ ಧಾಟಿಯಲ್ಲಿ. ಶಾಂತಿಯ ಕಚೇರಿಯಲ್ಲಿ ಕತ್ತಿ ಕರಗಿಸಿ ಮಾಡಿದ ನೇಗಿಲ ಗುಳಗಳನ್ನು ಇಡಬೇಕು. ಗೋಡೆಯ ಮೇಲೆ ಆಳೆತ್ತರದ ಚಿತ್ರ ಬರೆಸಬೇಕು.

ಆ ಚಿತ್ರಗಳ ಹತ್ತಿರ ಸ್ವಲ್ಪ ನಿಲ್ಲೋಣ. ಒಂದರಲ್ಲಿ ಒಬ್ಬ ರೆಡ್ ಇಂಡಿಯನ್ನನೂ ಕೆಂಟಕಿಯ ಬಿಳಿಯನೂ ಒಂದೇ ಗಡಿಗೆಯಲ್ಲಿ ಜಿಂಕೆ ಮಾಂಸ ಬೇಯಿಸಿಕೊಳ್ಳುತ್ತಾರೆ. ಇನ್ನೊಂದರಲ್ಲಿ, ಹೌದು, ನಮ್ಮ ಟಿಪ್ಪು ಸುಲ್ತಾನ! ಟಿಪ್ಪುವೂ ಲಾರ್ಡ್ ಕಾರ್ನ್‌ವಾಲಿಸನೂ ಒಂದು ಮರದ ನೆರಳಲ್ಲಿ ಕೂತು ಒಂದೇ ಹೂಜಿಯಿಂದ ದ್ರಾಕ್ಷಾರಸ ಕುಡಿಯುತ್ತಾರೆ. ಮತ್ತೊಂದರಲ್ಲಿ ಫ್ರೆಂಚರ ವಸಾಹತಾಗಿದ್ದ ಸಾನ್ ಡೊಮಿಂಗೋದ (ಈಗಿನ ಹೈಟಿ) ತೋಟದ ಧಣಿ, ಒಬ್ಬ ಮಿಶ್ರವರ್ಣದವನು, ಒಬ್ಬ ಆಫ್ರಿಕಾದವನು, ಮೂವರೂ ಒಂದೇ ಸಭೆಯಲ್ಲಿ ಕೂತು ಕಾನೂನು ಮಾಡುತ್ತಾರೆ. ಒಂದೇ ಗಡಿಗೆ, ಒಂದೇ ಹೂಜಿ, ಒಂದೇ ಸಭೆ. ಕೆರೆಯ ನೀರು ಮುಟ್ಟಲು ಮಹಾಡಿನಲ್ಲಿ ಹೊಡೆತ ತಿಂದ ಜನಕ್ಕೆ ಈ ಚಿತ್ರಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಟಿಪ್ಪುವಿನ ಹೆಸರು ಫಿಲಡೆಲ್ಫಿಯಾಕ್ಕೆ ಹೋದದ್ದು ಹೇಗೆ ಅಂತ ಕೇಳಬಹುದು. ಅಮೆರಿಕಾದವರಿಗೂ ಮೈಸೂರಿಗೂ ಆಗ ಶತ್ರು ಒಬ್ಬನೇ. 1782ರಲ್ಲಿ ಪೆನ್ಸಿಲ್ವೇನಿಯಾದವರ ಒಂದು ಯುದ್ಧದ ಹಡಗಿಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕಾದವರಿಗೆ ಸೋತ ಕಾರ್ನ್‌ವಾಲಿಸ್, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಆ ಸೇಡು ತೀರಿಸಿಕೊಂಡ ಹಾಗೆ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆ ಇಷ್ಟನ್ನೂ ಕಿತ್ತುಕೊಂಡ. ಅದಕ್ಕೆ ಇಟ್ಟ ಹೆಸರು ಶಾಂತಿ ಒಪ್ಪಂದ. ಏಳು ವರ್ಷಕ್ಕೆ ಟಿಪ್ಪುವಿನ ಹೆಣ ಬಿತ್ತು. ಅಂದಹಾಗೆ ತನ್ನ ರಾಜ್ಯದಲ್ಲಿ ಹೆಂಡ ಸಾರಾಯಿ ನಿಲ್ಲಿಸಲು ಹೊರಟಿದ್ದ ಟಿಪ್ಪುವಿನ ಕೈಗೆ ಬಟ್ಟಲು ಕೊಟ್ಟದ್ದು ಬರೆದವನ ಕಲ್ಪನೆ ಅಷ್ಟೆ.

ಬರೆದವನು ಯಾರು? ಬಹುಕಾಲ ಇದು ಬ್ಯಾನೆಕರ್‌ನದೇ ಅಂತ ನಂಬಿದ್ದರು, ಕರಿಯರ ಚರಿತ್ರೆ ಬರೆದ ಹಲವರು ಹಾಗೇ ಬರೆದರು. ಆದರೆ 1798ರಲ್ಲಿ ಫಿಲಡೆಲ್ಫಿಯಾದ ಡಾಕ್ಟರ್ ಬೆಂಜಮಿನ್ ರಶ್ ಅದನ್ನು ತನ್ನ ಲೇಖನಗಳ ಪುಸ್ತಕದಲ್ಲಿ ಸೇರಿಸಿದ. ಅದು ಅವನದೇ. ಇದನ್ನು ಒಪ್ಪಿಕೊಳ್ಳಲು ಸಂಕಟ ಪಡಬೇಕಾಗಿಲ್ಲ. ದುಡಿದವರು ಮಾಡಿದ್ದನ್ನು ಉಳ್ಳವರು ತಮ್ಮ ಹೆಸರಿಗೆ ಬರೆದುಕೊಂಡದ್ದು ಬೇಕಾದಷ್ಟಿದೆ, ಇನ್ನೊಬ್ಬರದನ್ನು ನಮ್ಮ ಹೆಸರಿಗೆ ಬರೆದುಕೊಳ್ಳುವ ಗರಜು ನಮಗಿಲ್ಲ. ಬ್ಯಾನೆಕರ್‌ನ ಆಸ್ತಿ ಆ ಕಾಗದ. ಅದೇ ಸಾಕು.

ರಶ್ ಒಳ್ಳೆಯವನು. 1773ರಷ್ಟು ಹಿಂದೆಯೇ ಗುಲಾಮಗಿರಿಯ ವಿರುದ್ಧ ಬರೆದವನು. ಆದರೂ ಈ ಶಾಂತಿಯ ಯೋಜನೆ ಅಚ್ಚಾದಾಗ ಅವನ ಮನೆಯಲ್ಲಿ ವಿಲಿಯಂ ಗ್ರಬರ್ ಅನ್ನುವ ಗುಲಾಮನಿದ್ದ. ಅವನಿಗೆ ಬಿಡುಗಡೆ ಸಿಕ್ಕಿದ್ದು 1794ರಲ್ಲಿ. ಯೋಜನೆಯಲ್ಲಿ ದೂರದ ಸಾನ್ ಡೊಮಿಂಗೋದ ಆಫ್ರಿಕಾದವನಿಗೆ ಸಭೆಯಲ್ಲಿ ಜಾಗ ಇದೆ, ವರ್ಜೀನಿಯಾದ ಹೊಲದಲ್ಲಿ ಚಾಟಿ ತಿನ್ನುವವನಿಗೆ ಗೋಡೆಯ ಮೇಲೂ ಜಾಗ ಇಲ್ಲ. ಮನೆ ಮನೆಗೂ ಸರ್ಕಾರದ ಖರ್ಚಲ್ಲಿ ಬೈಬಲ್ ಹಂಚಬೇಕು ಅನ್ನುತ್ತಾನೆ, ಶಾಂತಿಯ ಮಂತ್ರಿ ನಿಜವಾದ ಕ್ರೈಸ್ತನೇ ಆಗಿರಬೇಕು ಅನ್ನುತ್ತಾನೆ. ಫಿರಂಗಿ ಸದ್ದು ಮಾಡಿದರೆ ಮಾತ್ರ ಅವನಿಗೆ ಅದು ಯುದ್ಧ. ಬ್ಯಾನೆಕರ್ ಹೇಳಿದ್ದು ಬೇರೆ. ಫಿರಂಗಿ ಸುಮ್ಮನಿರುವಾಗ, ದೇಶವೆಲ್ಲ ನೆಮ್ಮದಿಯಾಗಿದೆ ಅಂತ ದೊಡ್ಡವರು ಹೇಳಿಕೊಳ್ಳುವಾಗ, ನನ್ನ ಜನರ ಮೇಲೆ ದಿನಾ ನಡೆಯೋದು ಹಿಂಸೆಯೇ ಅಂತ ಅವನು ಹೇಳಿದ. ಒಂದೇ ಪಂಚಾಂಗದಲ್ಲಿ ಈ ಎರಡು ಶಾಂತಿಗಳು ಎದುರುಬದುರು ಕೂತಿವೆ. ಮುಂದಿನ ಎರಡು ನೂರು ವರ್ಷದ ಜಗಳ ಇಲ್ಲೇ ಇದೆ.

ಯಾಕಂದರೆ ಅದೇ 1793ರ ಫೆಬ್ರವರಿಯಲ್ಲಿ, ಓಡಿಹೋದ ಗುಲಾಮನನ್ನು ಯಾವ ರಾಜ್ಯದಲ್ಲಿದ್ದರೂ ಹಿಡಿದು ಧಣಿಗೆ ಒಪ್ಪಿಸಬೇಕು ಅನ್ನುವ ಕಾಯಿದೆಗೆ ಅಧ್ಯಕ್ಷ ವಾಷಿಂಗ್ಟನ್ ರುಜು ಹಾಕಿದ. ರೆಡ್ ಇಂಡಿಯನ್ನರ ವ್ಯವಹಾರವನ್ನೆಲ್ಲ 1849ರವರೆಗೆ ನೋಡಿಕೊಂಡದ್ದು ಯುದ್ಧದ ಇಲಾಖೆಯೇ. ಗಡಿಗೆ ಹಾಗಿರಲಿ, ಒಲೆ ಹೂಡುವ ನೆಲವೇ ಅವರಿಗೆ ಉಳಿಯಲಿಲ್ಲ. 1806ರಲ್ಲಿ ಬ್ಯಾನೆಕರ್ ಸತ್ತ. ಅವನನ್ನು ಮಣ್ಣು ಮಾಡುವ ದಿನವೇ ಅವನ ಗುಡಿಸಲಿಗೆ ಬೆಂಕಿ ಬಿದ್ದು ಗಡಿಯಾರ, ಕಾಗದ ಪತ್ರ ಬಹುಪಾಲು ಸುಟ್ಟುಹೋದವು.

ಕೊನೆಗೆ ಗುಲಾಮಗಿರಿ ಹೋದದ್ದು 1865ರಲ್ಲಿ, ಲಕ್ಷ ಲಕ್ಷ ಹೆಣ ಬಿದ್ದ ಒಂದು ಯುದ್ಧದಿಂದ. ಮಹಾತ್ಮ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಕರಿಯರ ಬಿಡುಗಡೆಗೆ ತ್ಯಾಗ ಮಾಡಿದ ಆ ಅಮೆರಿಕಾದ ಜನಕ್ಕೇ. ಶಾಂತಿವಾದಿಗಳಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು, ನುಂಗಿಬಿಟ್ಟೆವು ಅನ್ನುವ ಹಾಗಿಲ್ಲ.

ಇಲಾಖೆಯ ಮಾತು ಮತ್ತೆ ಶಾಸನಸಭೆಗೆ ಬಂದದ್ದು 1935ರಲ್ಲಿ. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ವ್ಯಾಪಾರಿಗಳು ಹೇಗೆ ಕೊಬ್ಬಿದರು ಅನ್ನೋದು ಆಗ ತನಿಖೆಯಿಂದ ಬಯಲಾಗುತ್ತಿತ್ತು. ಪಶ್ಚಿಮ ವರ್ಜೀನಿಯಾದ ಸೆನೆಟರ್ ಮ್ಯಾಥ್ಯೂ ನೀಲಿ ಮಸೂದೆ ತಂದ, ಬಿತ್ತು. 1937ರಲ್ಲಿ, 1939ರಲ್ಲಿ ಮತ್ತೆ ತಂದ, ಬಿತ್ತು. 1955ರಿಂದ 1968ರ ಒಳಗೆ 80ಕ್ಕೂ ಹೆಚ್ಚು ಮಸೂದೆಗಳು ಬಂದು ಕಪಾಟು ಸೇರಿದವು. ಇದರ ನಡುವೆ 1949ರಲ್ಲಿ ಯುದ್ಧದ ಇಲಾಖೆಯ ಸಂಸಾರ ರಕ್ಷಣಾ ಇಲಾಖೆ ಅನ್ನುವ ಹೊಸ ಅಂಗಿ ಹಾಕಿಕೊಂಡಿತು.

ಅದೇ ಕಾಲದಲ್ಲಿ ಬೀದಿಯಿಂದ ಶಾಂತಿ ಕೇಳಿದವರಿಗೆ ಏನಾಯಿತು ನೋಡಿ. ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರನ್ನು ನಮ್ಮವರು ಬಲ್ಲರು. 1946ರಲ್ಲಿ ಬಾಬಾಸಾಹೇಬರು ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದು ಇವರನ್ನೇ. 1950ರಲ್ಲಿ ಡುಬಾಯ್ಸ್ ಗೆಳೆಯರನ್ನು ಕಟ್ಟಿಕೊಂಡು ಅಣುಬಾಂಬನ್ನು ನಿಷೇಧಿಸಿ ಅನ್ನುವ ಸ್ಟಾಕ್‌ಹೋಮ್ ಮನವಿಗೆ ಸಹಿ ಕೂಡಿಸಿದರು. 1951ರ ಫೆಬ್ರವರಿಯಲ್ಲಿ ಸರ್ಕಾರ ಅವರನ್ನು ಪರದೇಶದ ಏಜೆಂಟು ಅಂತ ಆರೋಪಿಸಿ, 83ರ ಹೊಸ್ತಿಲಲ್ಲಿದ್ದ ಮುದುಕರ ಕೈಗೆ ಕೋಳ ಹಾಕಿಸಿತು. ನವೆಂಬರಿನಲ್ಲಿ ಕೋರ್ಟು ಕೇಸನ್ನು ಕಿತ್ತೆಸೆಯಿತು. ಪಾಸ್‌ಪೋರ್ಟು ಮಾತ್ರ 1958ರವರೆಗೆ ಕೈಗೆ ಬರಲಿಲ್ಲ. ಬಿಳಿಯ ಸೆನೆಟರ್ ಶಾಂತಿ ಅಂದರೆ ಅದು ಮಸೂದೆ, ಕರಿಯ ಶಾಂತಿ ಅಂದರೆ ದ್ರೋಹ.

ವಿಯೆಟ್ನಾಂ ಯುದ್ಧದ ನಂತರ ಜನ ಇನ್ನೊಂದು ದಾರಿ ಹಿಡಿದರು. ಇಲಾಖೆ ಕೊಡದಿದ್ದರೆ ಬೇಡ, ಸೈನ್ಯದ ಶಾಲೆಗಳಿರುವ ಹಾಗೆ ಶಾಂತಿಗೊಂದು ಶಾಲೆ ಕೊಡಿ ಅಂತ ಚಳವಳಿ ಕಟ್ಟಿದರು. ಹವಾಯಿಯ ಸ್ಪಾರ್ಕ್ ಮತ್ಸುನಾಗ ಇದಕ್ಕೆ ಹೆಗಲು ಕೊಟ್ಟ. ಜಪಾನಿ ರಕ್ತದವನು ಅನ್ನೋ ಕಾರಣಕ್ಕೆ ಎರಡನೇ ಮಹಾಯುದ್ಧದಲ್ಲಿ ಅನುಮಾನಕ್ಕೆ ಗುರಿಯಾಗಿಯೂ, ಅದೇ ದೇಶಕ್ಕಾಗಿ ಹೋರಾಡಿ ಗಾಯಗೊಂಡವನು ಅವನು. ಅವನ ಅಧ್ಯಕ್ಷತೆಯ ಆಯೋಗ ಊರೂರಿಗೆ ಹೋಗಿ ಜನರ ಮಾತು ಕೇಳಿತು. 1984ರಲ್ಲಿ ರೇಗನ್ ರುಜು ಹಾಕಿದ್ದು ಶಾಲೆಗಲ್ಲ, ಒಂದು ಸಣ್ಣ ಸಂಸ್ಥೆಗೆ. ಅಮೆರಿಕಾ ಶಾಂತಿ ಸಂಸ್ಥೆ ಅಂತ ಅದರ ಹೆಸರು. ಕೇಳಿದ್ದು ರೊಟ್ಟಿ, ಸಿಕ್ಕಿದ್ದು ಚೂರು.

2001ರ ಜುಲೈನಲ್ಲಿ ಒಹಾಯೋದ ಡೆನಿಸ್ ಕುಸಿನಿಚ್ ಹೊಸ ಮಸೂದೆ ತಂದ. ಇಲ್ಲಿ ಒಂದು ಬದಲಾವಣೆ ಕಾಣುತ್ತೆ. ಈ ಮಸೂದೆಯ ಶಾಂತಿ ಬರೀ ದೇಶ ದೇಶಗಳ ನಡುವಿನದಲ್ಲ. ಮನೆಯೊಳಗೆ ಹೆಂಗಸಿನ ಮೇಲೆ ಬೀಳುವ ಏಟು, ಮಕ್ಕಳ ಮೇಲಿನ ದೌರ್ಜನ್ಯ, ಶಾಲೆಯ ಹಿಂಸೆ, ಬೀದಿಯ ಗುಂಪು ಕಾಳಗ, ಜೈಲು, ಎಲ್ಲವೂ ಆ ಇಲಾಖೆಯ ಕೆಲಸ. ಬ್ಯಾನೆಕರ್‌ನ ಕಾಗದ ಕೊನೆಗೂ ರಶ್‌ನ ಯೋಜನೆಯೊಳಗೆ ಕಾಲಿಟ್ಟ ಹಾಗೆ.

ಎರಡೇ ತಿಂಗಳಿಗೆ ನ್ಯೂಯಾರ್ಕಿನ ಗೋಪುರಗಳು ಉರುಳಿದವು. ಸೆಪ್ಟೆಂಬರ್ 14ಕ್ಕೆ ಅಧ್ಯಕ್ಷನ ಕೈಗೆ ಯುದ್ಧದ ಅಧಿಕಾರ ಕೊಡುವ ಠರಾವು ಕೆಳಮನೆಗೆ ಬಂದಾಗ 420 ಮತ ಪರವಾಗಿ ಬಿದ್ದವು, ವಿರೋಧವಾಗಿ ಒಂದೇ ಒಂದು. ಅದು ಕ್ಯಾಲಿಫೋರ್ನಿಯಾದ ಕರಿಯ ಹೆಂಗಸು ಬಾರ್ಬರಾ ಲೀ ಹಾಕಿದ ಮತ. ಕುಸಿನಿಚ್ ಕೂಡ ಅವತ್ತು ಆಕೆಯ ಜೊತೆ ನಿಲ್ಲಲಿಲ್ಲ. ಆಕೆಗೆ ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಹಾಕಬೇಕಾಯಿತು.

ಮಸೂದೆಯ ಹಿಂದೆ ಇದ್ದವರು ಸಾಮಾನ್ಯ ಜನ. ಚರ್ಚಿನ ಹಿಂದಿನ ಕೋಣೆಗಳಲ್ಲಿ, ಯಾರದೋ ನಡುಮನೆಯಲ್ಲಿ ಸೇರುತ್ತಿದ್ದರು. ತಮ್ಮ ಕ್ಷೇತ್ರದ ಸದಸ್ಯನ ಕಚೇರಿಗೆ ಹೋಗಿ ಕೂರುತ್ತಿದ್ದರು, ಕಾಗದ ಬರೆಯುತ್ತಿದ್ದರು, ನಗರಸಭೆಗಳಲ್ಲಿ ಠರಾವು ಮಾಡಿಸುತ್ತಿದ್ದರು. ನಿವೃತ್ತ ಮೇಡಂಗಳು, ದಾದಿಯರು, ಮಗನನ್ನು ಕಳೆದುಕೊಂಡ ತಾಯಂದಿರು ಇಂಥ ಕೆಲಸ ಎಳೆಯುತ್ತಾರೆ. 435 ಜನರ ಕೆಳಮನೆಯಲ್ಲಿ 2007ರ ಹೊತ್ತಿಗೆ 60ಕ್ಕೂ ಹೆಚ್ಚು ಸದಸ್ಯರು ಮಸೂದೆಗೆ ಹೆಸರು ಕೊಟ್ಟರು. ಮತಕ್ಕೆ ಮಾತ್ರ ಅದು ಬರಲೇ ಇಲ್ಲ. ಈ ಚಳವಳಿಯ ಬಗ್ಗೆ ನನಗೊಂದು ತಕರಾರಿದೆ. ಮನಸ್ಸು ಶಾಂತವಾದರೆ ಲೋಕ ಶಾಂತವಾಗುತ್ತೆ ಅನ್ನುವ ಹೊಟ್ಟೆ ತುಂಬಿದವರ ಮಾತು ಅದರೊಳಗೆ ಬಹಳ. ಧ್ಯಾನ ಮಾಡಿದರೆ ಧಣಿಯ ಚಾಟಿ ನಿಲ್ಲುವುದಿಲ್ಲ. ಆದರೂ ಕಪಾಟು ಸೇರಿದ ಕಾಗದವನ್ನು ಮತ್ತೆ ಮತ್ತೆ ಹೊರಗೆ ತೆಗೆದವರು ಅವರೇ, ಆ ಹಠಕ್ಕೆ ಬೆಲೆ ಕೊಡಬೇಕು.

ಬೇರೆ ಕಡೆ ಇದು ಕೈಗೂಡಿದೆ. ಸೈನ್ಯವನ್ನೇ 1948ರಲ್ಲಿ ಕೈಬಿಟ್ಟ ಕೋಸ್ಟರಿಕಾ, 2009ರಲ್ಲಿ ನ್ಯಾಯ ಇಲಾಖೆಯ ಹೆಸರಿಗೆ ಶಾಂತಿಯನ್ನೂ ಸೇರಿಸಿತು. ಅಂತರ್ಯುದ್ಧ ಮುಗಿಸಿ ಬಂದ ನೇಪಾಳ 2007ರಲ್ಲಿ ಶಾಂತಿ ಮತ್ತು ಪುನರ್ನಿರ್ಮಾಣ ಮಂತ್ರಾಲಯ ತೆರೆದು ಕೆಲವು ವರ್ಷ ನಡೆಸಿತು.

ಕುಸಿನಿಚ್ ಸದನದಿಂದ ಹೊರಬಿದ್ದ ಮೇಲೆ, 2013ರಲ್ಲಿ ಆ ಮಸೂದೆಯನ್ನು ಕೈಗೆತ್ತಿಕೊಂಡವಳು ಬಾರ್ಬರಾ ಲೀ. ಶಾಂತಿ ಅನ್ನುವ ಹೆಸರನ್ನು ಶಾಂತಿ ಕಟ್ಟುವ ಇಲಾಖೆ ಅಂತ ಬದಲಾಯಿಸಿದಳು. ಆಕೆ ಎಲ್ಲಿಂದ ಬಂದವಳು ಅನ್ನೋದು ಮುಖ್ಯ. ಬ್ಲ್ಯಾಕ್ ಪ್ಯಾಂಥರ್ ಪಕ್ಷ 1966ರಲ್ಲಿ ಹುಟ್ಟಿದ್ದು ಓಕ್ಲೆಂಡ್ ಊರಿನಲ್ಲಿ. ಆ ಹೆಸರನ್ನೇ ಎತ್ತಿಕೊಂಡು 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ ಕಟ್ಟಿದರು. ಪೇಪರಿನವರಿಗೆ ಕಂಡದ್ದು ಪ್ಯಾಂಥರರ ಬಂದೂಕು. ಅವರು 1969ರಿಂದ ಶಾಲೆಯ ಮಕ್ಕಳಿಗೆ ಬೆಳಿಗ್ಗೆ ಬಿಟ್ಟಿ ತಿಂಡಿ ಹಾಕುತ್ತಿದ್ದರು. ಅವರ ಶಾಲೆಯ ಕೆಲಸಕ್ಕೆ ಕೈಜೋಡಿಸಿದ, 1973ರಲ್ಲಿ ಪ್ಯಾಂಥರ್ ನಾಯಕ ಬಾಬಿ ಸೀಲ್ ಮೇಯರ್ ಚುನಾವಣೆಗೆ ನಿಂತಾಗ ಅವನಿಗಾಗಿ ಓಡಾಡಿದ ಹುಡುಗಿ ಈ ಬಾರ್ಬರಾ ಲೀ. ಸೀಲ್ ಸೋತ.

2025ರ ಮಾರ್ಚಿನಲ್ಲಿ ಟ್ರಂಪ್ ಸರ್ಕಾರ 1984ರ ಆ ಶಾಂತಿ ಸಂಸ್ಥೆಗೆ ನುಗ್ಗಿ ಆಡಳಿತ ಮಂಡಳಿಯನ್ನು ಕಿತ್ತು, ಸಿಬ್ಬಂದಿಯಲ್ಲಿ ಬಹುಪಾಲಿನವರನ್ನು ಮನೆಗೆ ಕಳಿಸಿತು. ಸೆಪ್ಟೆಂಬರ್ 5ರ ಆಜ್ಞೆಯಲ್ಲಿ, ರಕ್ಷಣಾ ಇಲಾಖೆ ತನ್ನನ್ನು ಯುದ್ಧದ ಇಲಾಖೆ ಅಂತ ಮತ್ತೆ ಕರೆದುಕೊಳ್ಳಬಹುದು ಅಂತ ಅಪ್ಪಣೆ ಕೊಟ್ಟಿತು. ರಶ್ ಕೇಳಿದ ಬೋರ್ಡಿನ ಮೊದಲ ಸಾಲು ಹೀಗೆ ತಾನಾಗಿಯೇ ಬಾಗಿಲಿಗೆ ಬಂತು. ಬಾರ್ಬರಾ ಲೀ ಆ ವರ್ಷದ ಜನವರಿಯಲ್ಲೇ ಕೆಳಮನೆ ಬಿಟ್ಟಿದ್ದಳು. ಮೇ ತಿಂಗಳಲ್ಲಿ, ಬಾಬಿ ಸೀಲ್ ಸೋತ ಅದೇ ಓಕ್ಲೆಂಡಿನ ಮೇಯರ್ ಆಗಿ ಅಧಿಕಾರ ವಹಿಸಿಕೊಂಡಳು.