ಉಸಿರಿನ ಅರಿವಳಿಕೆ ಮತ್ತು ಮಕ್ಕಳ ಪಿತ್ತಜನಕಾಂಗ

ಉಸಿರಿನ ಮೂಲಕ ಕೊಡುವ ಅರಿವಳಿಕೆ ಮದ್ದುಗಳು ಶಸ್ತ್ರಚಿಕಿತ್ಸೆಯ ನಂತರ ಮಕ್ಕಳ ಪಿತ್ತಜನಕಾಂಗದಲ್ಲಿ (ಯಕೃತ್ತು) ಉಂಟುಮಾಡುವ ಬದಲಾವಣೆಗಳ ಅಧ್ಯಯನ. ಮದ್ದಿನ ಬಹುಪಾಲು ಶ್ವಾಸಕೋಶದಿಂದಲೇ ಹೊರಹೋಗುತ್ತದೆ. ಉಳಿದುದನ್ನು ಪಿತ್ತಜನಕಾಂಗ ಒಡೆಯುತ್ತದೆ. ಎಷ್ಟು ಒಡೆಯುತ್ತದೆ, ಒಡೆದಾಗ ಏನು ಹುಟ್ಟುತ್ತದೆ ಎಂಬುದೇ ಅಪಾಯವನ್ನು ತೀರ್ಮಾನಿಸುತ್ತದೆ.

ಇತಿಹಾಸ: ಕ್ಲೋರೋಫಾರ್ಮ್ ಪಡೆದ ಮಕ್ಕಳು ಕೆಲವು ದಿನಗಳ ನಂತರ ಸಾಯುತ್ತಿದ್ದುದನ್ನೂ ಅವರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿದ್ದುದನ್ನೂ ಬ್ರಿಟಿಷ್ ವೈದ್ಯ ಲಿಯೊನಾರ್ಡ್ ಗತ್ರಿ 1894ರಲ್ಲಿ ವರದಿ ಮಾಡಿದರು. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಘಾಟಿಲ್ಲದ್ದರಿಂದ ಮಕ್ಕಳಿಗೆ ಒಗ್ಗಿತು.

ಹಾನಿಯ ಬಗೆ: ಹ್ಯಾಲೋಥೇನಿನ ಸುಮಾರು 20% ಪಿತ್ತಜನಕಾಂಗದಲ್ಲಿ ಒಡೆಯುತ್ತದೆ. ಆಗ ಹುಟ್ಟುವ ವಸ್ತು ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡರೆ, ದೇಹದ ರಕ್ಷಣಾ ವ್ಯವಸ್ಥೆ ಅವನ್ನು ಪರಕೀಯವೆಂದು ಭಾವಿಸಿ ದಾಳಿ ಮಾಡಬಹುದು. ಇದೇ ಹ್ಯಾಲೋಥೇನ್ ಹೆಪಟೈಟಿಸ್. ಕಡಿಮೆ ಅಂತರದಲ್ಲಿ ಮತ್ತೆ ಮದ್ದು ಕೊಟ್ಟರೆ ಅಪಾಯ ಹೆಚ್ಚು. ಮಕ್ಕಳಲ್ಲಿ ಇದು ವಯಸ್ಕರಿಗಿಂತ ಅಪರೂಪ: ಸುಮಾರು 82,000ದಿಂದ 2,00,000 ಅರಿವಳಿಕೆಗಳಿಗೆ ಒಂದು. ರಕ್ತದಲ್ಲಿ ಪಿತ್ತಜನಕಾಂಗದ ಕಿಣ್ವಗಳು ತುಸು ಏರಿ ತಾವಾಗಿ ಇಳಿಯುವ ಸೌಮ್ಯ ಹಾನಿಯೇ ಹೆಚ್ಚು ಸಾಮಾನ್ಯ.

ಇಂದಿನ ಮದ್ದುಗಳು: ಐಸೋಫ್ಲುರೇನ್ ಸುಮಾರು 0.2%, ಡೆಸ್‌ಫ್ಲುರೇನ್ 0.02% ಮಾತ್ರ ಒಡೆಯುತ್ತವೆ. ಸೆವೋಫ್ಲುರೇನ್ 5%ರವರೆಗೆ ಒಡೆದರೂ ಆ ಅಂಟುವ ವಸ್ತುವನ್ನು ಹುಟ್ಟಿಸುವುದಿಲ್ಲ, ಘಾಟೂ ಇಲ್ಲ. ಮಾಸ್ಕ್ ಇಟ್ಟು ಮಗುವನ್ನು ಮಲಗಿಸಲು ಇಂದು ಇದಕ್ಕೇ ಆದ್ಯತೆ.

ಬೆಂಗಳೂರಿನ ಕೆಂಗೇರಿ ಪರಿಸರ: ಮೈಸೂರು ರಸ್ತೆಯ ಕಂಬಿಪುರದಲ್ಲಿ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜಿದೆ, ಉತ್ತರಹಳ್ಳಿ ರಸ್ತೆಯ ಬಿಜಿಎಸ್ ಗ್ಲೆನ್‌ಈಗಲ್ಸ್ ಆಸ್ಪತ್ರೆಯಲ್ಲಿ ಪಿತ್ತಜನಕಾಂಗದ ಕಸಿ ನಡೆಯುತ್ತದೆ. ಭಾರತದ ಇತರ ಊರುಗಳಂತೆ ಇಲ್ಲಿಯೂ ಮಕ್ಕಳ ಕಾಮಾಲೆಗೆ ಒಂದು ಮುಖ್ಯ ಕಾರಣ ಕಲುಷಿತ ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ. ಸೋಂಕು ತಗುಲಿ ಲಕ್ಷಣ ತೋರಲು ಎರಡರಿಂದ ಏಳು ವಾರ ಬೇಕು. ಆ ನಡುವೆ ಟಾನ್ಸಿಲ್ ಅಥವಾ ಹರ್ನಿಯಾ ಆಪರೇಷನ್ ಆದ ಮಗುವಿಗೆ ಆಮೇಲೆ ಕಾಮಾಲೆ ಕಂಡರೆ ತಪ್ಪು ಅರಿವಳಿಕೆಯದೆನಿಸುತ್ತದೆ. ರಕ್ತದೊತ್ತಡದ ಕುಸಿತ, ನಂಜು, ಅತಿಯಾದ ಪ್ಯಾರಸಿಟಮಾಲ್ ಕೂಡ ಕಾರಣವಾಗಬಲ್ಲವು. ಇವೆಲ್ಲ ಅಲ್ಲವೆಂದು ಖಚಿತವಾದ ಮೇಲಷ್ಟೇ ಮದ್ದನ್ನು ಶಂಕಿಸುವುದು ಸರಿ.

ಎಚ್ಚರಿಕೆ: ಆಪರೇಷನ್ ಆದ ಎರಡು ವಾರಗಳೊಳಗೆ ಜ್ವರ, ವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು ಕಂಡರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಹಿಂದಿನ ಅರಿವಳಿಕೆಯ ಚೀಟಿಯನ್ನು ಹೆತ್ತವರು ಜೋಪಾನವಾಗಿಟ್ಟು, ಮುಂದಿನ ಆಪರೇಷನ್ನಿಗೆ ಮೊದಲು ಅರಿವಳಿಕೆ ತಜ್ಞರಿಗೆ ತೋರಿಸಬೇಕು.