ಕೆಂಗುರಿಯೋ ತೆಂಗುರಿಯೋ

ಬೆಂಗಳೂರಿನ ಪಡುವಣದ ಕೆಂಗೇರಿಯು ಮೊದಲು ತೆಂಗಿನಕೇರಿಯಾಗಿತ್ತೆಂದು ಹೇಳುವ ವಾಡಿಕೆಯುಂಟು. ಆ ನಿಷ್ಪತ್ತಿಯ ಸಾಧುತ್ವವನ್ನು ಇಲ್ಲಿ ಚರ್ಚಿಸಬೇಕಾಗಿಲ್ಲ. ಆದರೆ ಕಕಾರ ತಕಾರಗಳ ಇಂಥದೇ ವಿಕಲ್ಪವು ಕುರಿಯ ತಳಿಯೊಂದರ ಹೆಸರಿನಲ್ಲಿಯೂ ತೋರುವುದು ವಿಚಾರಾರ್ಹವಾಗಿದೆ. ರಾಯಚೂರು, ಕೊಪ್ಪಳ ಸೀಮೆಯ ಈ ಕುರಿಯು ಪಶುವಿಜ್ಞಾನದ ಗ್ರಂಥಗಳಲ್ಲಿ 'ಕೆಂಗುರಿ' ಎಂದೂ 'ತೆಂಗುರಿ' ಎಂದೂ ದಾಖಲಾಗಿದೆ. ಅದರ ಮೈಬಣ್ಣವನ್ನು ಬಲಿತ ತೆಂಗಿನಕಾಯಿಯ ಕಂದುಬಣ್ಣಕ್ಕೆ ಹೋಲಿಸಿರುವುದರಿಂದ ಎರಡನೆಯ ರೂಪವೇ ಮೂಲವೆಂಬ ಭ್ರಾಂತಿಗೆ ಎಡೆಯಾಗುವುದು.

ಈ ಸೀಮೆಯು ಕೃಷ್ಣಾ ತುಂಗಭದ್ರೆಗಳ ನಡುವಣ ಪ್ರಾಚೀನ ಎಡೆದೊರೆನಾಡು. ಒಂದನೆಯ ರಾಜೇಂದ್ರಚೋಳನ (1014–1044) ಪ್ರಶಸ್ತಿಯು ಅವನು ಗೆದ್ದ ನಾಡುಗಳಲ್ಲಿ ಮೊದಲು ಹೆಸರಿಸುವ ಇಡೈತುರೈನಾಡು ಇದೇ. ಎರಡು ಹೊಳೆಗಳಿದ್ದರೂ ನೆಲವು ಮಳೆಯನ್ನೇ ನಂಬಿದ್ದಿತು; ಮಳೆ ತಪ್ಪಿದ ವರ್ಷ ಹೊಲವು ಕೈಬಿಟ್ಟರೂ ಹಿಂಡು ಕೈಹಿಡಿಯುತ್ತಿತ್ತು.

ಇನ್ನು ಶಬ್ದವಿಚಾರ. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವಿಧಿಸುವ ಗದಬಾದೇಶದಂತೆ 'ಕೆನ್' ಎಂಬುದಕ್ಕೆ 'ಕುರಿ' ಪರವಾದಲ್ಲಿ ಕೆಂಗುರಿಯಾಗುವುದು, ಕೆಂಗಣ್ಣು, ಕೆಂದಾವರೆಗಳಂತೆ. 'ತೆಂಗಾಯಿ'ಯನ್ನು ನೋಡಿದರೆ ತೆಂಗುರಿಯೂ ಅಸಾಧುವಲ್ಲ. ತೆಂಕಣದ ಕುರಿಯೆಂದು ಬಿಡಿಸಿದರೂ ವ್ಯಾಕರಣವು ಅಡ್ಡಬರದು. ಆದುದರಿಂದ ಸೂತ್ರವೊಂದರಿಂದಲೇ ನಿರ್ಣಯ ದೊರೆಯದು, ನೆಲವನ್ನು ನೋಡಬೇಕು. ಬಯಲುಸೀಮೆಯ ಎರೆಯ ಹೊಲಗಳಲ್ಲಿ ಜೋಳ ಸಜ್ಜೆಗಳನ್ನು ಬಿತ್ತುವ ಜನರಿಗೆ ತೆಂಗು ಕೈಗೆಟಕುವ ಉಪಮಾನವಲ್ಲ. ತೆಂಕಣದ್ದೆಂಬ ಹೆಸರನ್ನಾದರೋ ಬಡಗಣದವರು ಇಡಬೇಕೇ ಹೊರತು ಸ್ವಂತ ಹಟ್ಟಿಯವರು ಇಡಲಾರರು. ಕನ್ನಡದ 'ಕೆಂಪು' ಕಂದನ್ನೂ ಒಳಕೊಳ್ಳುವುದೆಂಬುದಕ್ಕೆ ಕೆಮ್ಮಣ್ಣೇ ಸಾಕ್ಷಿ. ತೆಂಗಿನ ಹೋಲಿಕೆ ಬೇಕಾದುದು ಈ ಬಣ್ಣವನ್ನು ಪರಭಾಷೆಯಲ್ಲಿ ಬಣ್ಣಿಸಹೊರಟವರಿಗೆ. ಹಿಂಡಿನಲ್ಲಿ ಕರಿದು ಬಿಳಿದು ಮಚ್ಚೆಯವೂ ಉಂಟಾದರೂ ಹೆಸರು ಬಂದುದು ಹೆಚ್ಚಾಗಿರುವ ಬಣ್ಣದಿಂದ.

ಕರ್ನಾಟಕದ ಉಳಿದ ಕುರಿಗಳಾದ ಬಳ್ಳಾರಿ, ಹಾಸನ, ದಖನಿ ತಳಿಗಳಿಗೆ ನೆಲದ ಹೆಸರೇ ಇದೆ. ಹಿಂದಿನಿಂದ ನೋಡಿದರೆ ಕಮಾನಿನಂತೆ ಕಾಣುವ ಮಂಡ್ಯದ ಗಿಡ್ಡ ಕುರಿಗೆ ಬನ್ನೂರು, ಬಂಡೂರು ಎಂಬ ಊರುಗಳ ಹೆಸರುಗಳೂ ಸಂದಿವೆ. ಕೆಂಗುರಿಯೊಂದು ಮಾತ್ರ ಕಾಯುವವನ ಕಣ್ಣಿಗೆ ಕಂಡಂತೆ ಕರೆಯಿಸಿಕೊಂಡಿದೆ. 1953ರ ಬಳಿಕ ತುಂಗಭದ್ರೆಯ ಕಾಲುವೆ ಹರಿದಲ್ಲೆಲ್ಲ ಎರೆಹೊಲಗಳು ಗದ್ದೆಗಳಾಗಿವೆ. ಕುರುಬನ ಆ ಮಾತು ಗ್ರಂಥಗಳ ಸೂಚಿಯಲ್ಲಾದರೂ ಕಕಾರದಿಂದಲೇ ಮೊದಲಾಗತಕ್ಕದ್ದು.