ಕಾಫಿ ಸೀಮೆಯಲ್ಲಿ ಫ್ರಾಂಚೈಸಿ: ಸಣ್ಣ ಅಂಗಡಿಯವರ ಲೆಕ್ಕಾಚಾರ

ಮತ್ತೊಬ್ಬರ ಹೆಸರು ಮತ್ತು ವ್ಯಾಪಾರದ ಕ್ರಮವನ್ನು ಕರಾರಿನ ಮೇಲೆ ಪಡೆದು, ಸ್ವಂತ ಬಂಡವಾಳ ಹೂಡಿ ಅಂಗಡಿ ನಡೆಸುವುದೇ ಫ್ರಾಂಚೈಸಿ. ಹೆಸರಿನ ಒಡೆಯರಿಗೆ ಆರಂಭದಲ್ಲಿ ಇಡಿಗಂಟು, ಬಳಿಕ ವಹಿವಾಟಿನಲ್ಲಿ ಪಾಲು ಸಲ್ಲುತ್ತದೆ. ಉಳಿದ ಲಾಭ ಅಂಗಡಿಯವರದು, ನಷ್ಟವೂ ಅವರದೇ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಳೆಗಾರರಿಗೆ ಬಹುಕಾಲ ಮಾರಲು ಬೆಳೆಯಿತ್ತೇ ಹೊರತು ಹೆಸರಿರಲಿಲ್ಲ. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ ಕಾಫಿಯೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹ (ಪೂಲ್) ಸೇರುತ್ತಿತ್ತು. ತೋಟದ ಗುರುತು ಅಲ್ಲಿಗೇ ಅಳಿಸಿಹೋಗುತ್ತಿತ್ತು. ಮುಕ್ತ ಮಾರಾಟ ಕೈಗೆ ಬಂದದ್ದು 1990ರ ದಶಕದ ನಡುವೆ. ಇದೇ ಜಿಲ್ಲೆಯ ವಿ. ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಆದರೆ ಆ ಸರಪಳಿ ಬೆಳೆದದ್ದು ಬಹುಪಾಲು ಕಂಪನಿಯೇ ನಡೆಸಿದ ಮಳಿಗೆಗಳಿಂದ. ಕಾಫಿ ಸೀಮೆಯಿಂದ ಹೊರಟ ಅತಿ ದೊಡ್ಡ ಹೆಸರು ಸಣ್ಣ ಅಂಗಡಿಯವರಿಗೆ ಫ್ರಾಂಚೈಸಿಯ ಪಾಠಶಾಲೆಯಾಗಲಿಲ್ಲ.

ಪ್ರವಾಸಿಗರು ಬರುವ ಊರಿನಲ್ಲಿ ಪರಿಚಿತ ಫಲಕಕ್ಕೆ ಬೆಲೆಯುಂಟು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದವರು ರುಚಿ, ದರ ಎರಡನ್ನೂ ಮೊದಲೇ ಬಲ್ಲರು. ಕೆಲಸದವರ ತರಬೇತಿ, ಯಂತ್ರದ ರಿಪೇರಿ, ಸರಕಿನ ಪೂರೈಕೆಗೆ ಅಂಗಡಿಯವರು ಒಂಟಿಯಾಗಿ ಓಡಾಡಬೇಕಿಲ್ಲ. ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ. ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಗಿರಾಕಿಗಳಿಲ್ಲ. ವಹಿವಾಟಿನ ಪಾಲಾದರೆ ತಾನಾಗಿ ತಗ್ಗುತ್ತದೆ. ಕರಾರಿನಲ್ಲಿ ಕನಿಷ್ಠ ಮೊತ್ತ ಗೊತ್ತುಪಡಿಸಿದ್ದರೆ ಅದು ತಗ್ಗುವುದಿಲ್ಲ.

ಇಲ್ಲಿಗೇ ವಿಶಿಷ್ಟವಾದ ತೊಡಕು ಬೇರೊಂದಿದೆ. ಫ್ರಾಂಚೈಸಿಗೆ ರುಚಿಯ ಏಕರೂಪತೆಯೇ ಪ್ರಾಣ. ಆದ್ದರಿಂದ ಪುಡಿಯನ್ನು ಹೆಸರಿನ ಒಡೆಯರಿಂದಲೇ ಕೊಳ್ಳಬೇಕೆಂಬ ಷರತ್ತು ಸಾಮಾನ್ಯ. ಬಯಲುಸೀಮೆಯ ಅಂಗಡಿಗೆ ಇದು ಅನುಕೂಲವೇ. ಮೂಡಿಗೆರೆಯಲ್ಲಿ ಮಾತ್ರ, ಸ್ವಂತ ಕಣದಲ್ಲಿ ಒಣಗಿದ ಕಾಫಿ ಸ್ವಂತ ಅಂಗಡಿಯ ಲೋಟಕ್ಕೆ ಇಳಿಯದಂಥ ಸ್ಥಿತಿ ಬರಬಹುದು. ಹುರಿಯುವ ಹದ, ಚಿಕೋರಿಯ ಪ್ರಮಾಣ ಬಲ್ಲವರಿಗೆ ಇದು ದುಬಾರಿ ಷರತ್ತು.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆ, 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಗಳೇ ಆಧಾರ. ಕರಾರಿನ ಅವಧಿಯಲ್ಲಿ ಪ್ರತಿಸ್ಪರ್ಧಿಯ ಸರಕು ಮುಟ್ಟಬಾರದೆಂಬ ನಿರ್ಬಂಧವನ್ನು ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸಹಿಗೆ ಮುಂಚೆ ಓದಬೇಕಾದ ಸಾಲು ಇದೇ.

ಇಲ್ಲಿಯವರೇ ಹೆಸರಿನ ಒಡೆಯರಾಗಿ ಫ್ರಾಂಚೈಸಿ ಕೊಡಹೊರಟರೆ ಲೆಕ್ಕ ಬೇರೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆದರೆ ಭೌಗೋಳಿಕ ಸೂಚಕ ಕಾಯ್ದೆಯ 24ನೇ ಕಲಮಿನಂತೆ ಈ ಹಕ್ಕನ್ನು ಪರವಾನಗಿ ಮೇಲೆ ಬೇರೆಯವರಿಗೆ ಕೊಡುವಂತಿಲ್ಲ. ಊರಿನ ಹೆಸರನ್ನು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ಬೆಳೆಗಾರರು ಬಳಸಬಹುದು. ಫ್ರಾಂಚೈಸಿ ಕೊಡಬೇಕೆಂದರೆ ಅಂಗಡಿಗೆ ಸ್ವಂತ ವ್ಯಾಪಾರ ಚಿಹ್ನೆಯೇ ಬೇಕು.